ಸೋದರಮಾವ ನಲ್ಲಿ ನೋಡಲು ಬಂದದ್ದು

ಮನೆ ನೋಡಲು ಬರುವವರು ಇಡೀ ಮನೆಯನ್ನು ನೋಡುವುದಿಲ್ಲ ಎಂಬುದು ನನ್ನ ಅನುಭವ. ಒಬ್ಬೊಬ್ಬರಿಗೆ ಒಂದೊಂದರ ಮೇಲೆ ಕಣ್ಣು. ನನ್ನ ಸೋದರತ್ತೆ ಯಾರ ಮನೆಗೆ ಹೋದರೂ ಮೊದಲು ಒಲೆಯ ಸುತ್ತಲಿನ ಮಸಿ ನೋಡುತ್ತಾಳೆ. ನಮ್ಮ ಹೆಡ್ ಕ್ಲಾರ್ಕರು ಗೋಡೆಯ ಬಿರುಕು ನೋಡಿಯೇ ಮಾಲೀಕನ ಗುಣ ಹೇಳುತ್ತಾರೆ. ನಾನು ಜೋಗೇಶ್ವರಿಯ ಚಾಳಿನಲ್ಲಿ ಎರಡನೆಯ ಮಾಳಿಗೆಯಲ್ಲಿ ಒಂದೇ ಕೋಣೆಯ ಖೋಲಿ ಹಿಡಿದು ಬ್ರಹ್ಮಚಾರಿಯಾಗಿದ್ದಾಗ ವಿಜಾಪುರದಿಂದ ಒಂದು ಸಂಬಂಧ ಬಂತು. ಹುಡುಗಿಯನ್ನು ನೋಡಿ ಬಂದಿದ್ದೆ. ಸುಳ್ಳೇಕೆ, ಮನಸ್ಸನ್ನು ಅಲ್ಲೇ ಬಿಟ್ಟು ಬಂದಿದ್ದೆ. ಇನ್ನು ಅವಳ ಸೋದರಮಾವ, ಬಟ್ಟೆ ವ್ಯಾಪಾರದ ಭೀಮರಾಯರು, ಬಂದು ಮನೆ ನೋಡಬೇಕು. ಅವರು ಹೂಂ ಅಂದರೆ ಮದುವೆ, ಉಹೂಂ ಅಂದರೆ ಇಲ್ಲ.

ಖೋಲಿಗೆ ಸುಣ್ಣ ಬಳಿಸಿದೆ, ಪಕ್ಕದವರ ಕುರ್ಚಿ ತಂದಿಟ್ಟೆ. ಬೆಳಗಿನ ಹೊತ್ತಿಗೆ ಬಂದ ಭೀಮರಾಯರು ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ. "ಖೋಲಿ ಹ್ಯಾಂಗರ ಇರಲಿ. ನೀರೆಲ್ಲಿ ಅದ, ತೋರಸ್ರಿ" ಅಂದರು. ಬೇಸಗೆಯಲ್ಲಿ ಹೆಂಗಸರು ಕೊಡ ಹೊತ್ತು ಅಲೆಯುವ ಊರಿನವರು. ಸೋದರಸೊಸೆಗೂ ಆ ಗತಿ ಬರಬಾರದೆಂಬ ಅವರ ಕಾಳಜಿಯನ್ನು ತಪ್ಪೆನ್ನಲಾದೀತೆ? ನಮ್ಮ ಇಡೀ ಚಾಳಿಗೆ ಅಂಗಳದಲ್ಲಿ ಒಂದೇ ನಲ್ಲಿ. ಬೆಳಿಗ್ಗೆ ಸ್ವಲ್ಪ ಹೊತ್ತು ನೀರು, ಆ ಹೊತ್ತೆಲ್ಲ ಜಗಳ. ಪಕ್ಕದ ಖೋಲಿಯ ಗಿರಿಜಕ್ಕನಿಗೆ ವಿಷಯ ತಿಳಿಸಿದ್ದೆ. ಉಡುಪಿಯವರು, ಗಂಡನಿಗೆ ಸ್ಟೇಷನ್ ಹತ್ತಿರ ಹೋಟೆಲು. "ನೀವು ಹೆದರಬೇಡಿ ಮಾರಾಯ್ರೆ, ಹೆಣ್ಣಿನ ಕಡೆಯವರ ಎದುರು ಚಾಳಿನ ಮರ್ಯಾದೆ ತೆಗೆಯುವುದುಂಟಾ?" ಎಂದು ಧೈರ್ಯ ಹೇಳಿದ್ದರು. ಹಾಗೆಯೇ ಚಾಳಿನ ಹೆಂಗಸರನ್ನೆಲ್ಲ ತಡೆದು, ತಾವೂ ಕಂಬದ ಮರೆಗೆ ನಿಂತಿದ್ದರು. ನಾವು ಇಳಿದು ಬಂದರೆ ನಲ್ಲಿ ಧಾರಾಳವಾಗಿ ಸುರಿಯುತ್ತಿದೆ, ಕೆಳಗೆ ನನ್ನದೊಂದೇ ಕೊಡ, ಸುತ್ತ ಒಂದು ನರಪಿಳ್ಳೆಯಿಲ್ಲ.

ನಾನು ಬೀಗಿದೆ. ಭೀಮರಾಯರ ಮುಖ ಸಪ್ಪಗಾಯಿತು. "ಇಷ್ಟು ಮಂದಿ ಇರೋ ಚಾಳು, ನಲ್ಲಿ ಮುಂದ ಒಬ್ಬ ಹೆಣ್ಣುಮಗಳೂ ಇಲ್ಲ ಅಂದ್ರ? ಹೆಂಗಸರು ಬಿಟ್ಟ ನೀರು ಸವಳೇ ಇರಬೇಕು, ತಮ್ಮಾ."

"ಕುಡದು ನೋಡ್ರಿ" ಎಂದು ಗೋಗರೆದೆ.

"ಗುಟುಕಿಗೆ ತಿಳಿಯೂದಿಲ್ಲ. ಬ್ಯಾಳಿ ಬೇಯಾಕ ಇಟ್ಟಾಗ ತಿಳೀತದ" ಎಂದವರೇ ಸ್ಟೇಷನ್ನಿನ ದಾರಿ ಹಿಡಿಯಲು ತಿರುಗಿದರು. ಹುಡುಗಿ ಕೈತಪ್ಪಿದಳು, ಅದೂ ನೆರೆಯವರ ಸೌಜನ್ಯದಿಂದ!

ಅಷ್ಟರಲ್ಲಿ ನಲ್ಲಿಯ ಧಾರೆ ಸಣ್ಣಗಾಯಿತು. ಗಿರಿಜಕ್ಕನ ಸೌಜನ್ಯಕ್ಕೂ ಒಂದು ಮಿತಿ ಇತ್ತು. "ಅಯ್ಯೋ, ನೀರು ಹೋಯ್ತು!" ಎಂದು ಎರಡು ಕೊಡ ಹಿಡಿದು ನುಗ್ಗಿದರು. ಹಿಂದೆಯೇ ಇಡೀ ಚಾಳು. ಮರಾಠಿ, ಗುಜರಾತಿ, ತುಳು ಎಲ್ಲದರಲ್ಲೂ ಬೈಗುಳ. ಯಾರೋ ನನ್ನ ಕೊಡ ಎತ್ತಿ ಎಸೆದರು. ಭೀಮರಾಯರು ನಿಂತರು, ಸೊಂಟಕ್ಕೆ ಕೈಯಿಟ್ಟು ಕಣ್ತುಂಬ ನೋಡಿದರು. "ಭಲೇ! ಹಿಂಗ ಜಗಳಾಡ್ತಾರಂದ್ರ ನೀರು ಸಿಹಿ ಅದ. ಹುಡುಗಿನ್ನ ಕೊಡಬಹುದು."

ನಾನು ಕಾಲಿಗೆ ಬೀಳಲು ಬಗ್ಗಿದೆ. ಅವರು ಭುಜ ಹಿಡಿದು ನಿಲ್ಲಿಸಿದರು. "ಆದ್ರ ನಮ್ಮ ಹುಡುಗಿ ಸಂಭಾವಿತಳು. ಈ ಗದ್ದಲದಾಗ ನುಗ್ಗೂದು ಆಕಿ ಕೈಲೆ ಆಗೂದಿಲ್ಲ. ನೀವು ಒಮ್ಮೆ ನುಗ್ಗಿ ತೋರಸ್ರಿ."

ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನುಗ್ಗಿದೆ. "ಮದುವೆ ಗಂಡಾದರೇನು, ಸಾಲಿಗೆ ಬನ್ನಿ ಮಾರಾಯ್ರೆ!" ಎಂದು ಗಿರಿಜಕ್ಕ ಪಕ್ಕೆಗೆ ಮೊಣಕೈ ಕೊಟ್ಟರು. ಅಂಗಿಯ ತೋಳು ಹರಿದುಕೊಂಡು, ಒಂದು ಕೊಡ ಹೊತ್ತು ಎರಡು ಮಾಳಿಗೆ ಹತ್ತಿದೆ. ನೀರು ತುಳುಕೀತೇ ಎಂದು ನೋಡುತ್ತ ಭೀಮರಾಯರು ಹಿಂದೆಯೇ ಹತ್ತಿದರು. ಊರಿಗೆ ಹೋಗಿ ಅವರು ಹೇಳಿದ್ದನ್ನು ನನ್ನ ಹೆಂಡತಿ ಆಮೇಲೆ ನಗುತ್ತ ತಿಳಿಸಿದಳು: "ಹುಡುಗ ಏನು ಕಲತಾನ ಕೇಳೂದು ಮರತೆ. ಕೊಡ ಮಾತ್ರ ಛಲೋ ಹೊರತಾನ."

ಈಗ ಬೆಳಗಾದರೆ ನಲ್ಲಿಯ ಮುಂದೆ ಹೆಂಗಸರ ನಡುವೆ ನಿಂತ ಒಬ್ಬನೇ ಗಂಡಸು ನಾನು. ಆ ಸಂಭಾವಿತಳು ಗ್ಯಾಲರಿಯಿಂದ ಬಗ್ಗಿ, "ಅರ್ಧಾನೇ ತುಂಬೇದ, ಇನ್ನೊಮ್ಮೆ ನುಗ್ಗ್ರಿ!" ಎಂದು ಇಡೀ ಚಾಳಿಗೆ ಕೇಳುವಂತೆ ಕೂಗುತ್ತಾಳೆ. ಮಾವನ ತಪಾಸಣೆ ಒಂದು ಬೆಳಿಗ್ಗೆಗೆ ಮುಗಿದಿತ್ತು. ಸೊಸೆಯದು ನಡೆದೇ ಇದೆ.