ಪಕ್ಕದ ಸೀಟಿನ ಬ್ರೇಕು

ಇನ್ನು ಮೇಲೆ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಏನನ್ನೂ ಹೇಳಬೇಕಾಗಿಲ್ಲ, ಎಲ್ಲವೂ ನನಗೆ ತಾನಾಗಿಯೇ ತಿಳಿಯುತ್ತದೆ ಎಂದು ಒಂದು ಭಾನುವಾರ ಬೆಳಿಗ್ಗೆ ಘೋಷಿಸಿದೆ. ಕಾರಣ, ಕೈಯಲ್ಲಿದ್ದ ವಾರಪತ್ರಿಕೆ. ಎದುರಿನವರು ಲೋಟಕ್ಕೆ ಕೈಯಿಟ್ಟರೆ ಸಾಕು, ಅದು ಕುಡಿಯುವುದಕ್ಕೋ ತೊಳೆಯುವುದಕ್ಕೋ ಎಂದು ನೋಡುವವರ ಮಿದುಳು ಊಹಿಸಿಬಿಡುತ್ತದಂತೆ. ನಾವು ಕದಲದೆ ಕೂತಿದ್ದರೂ ನಮ್ಮ ಮಿದುಳು ಒಳಗೊಳಗೇ ಆ ಕೆಲಸವನ್ನು ಮಾಡಿ ನೋಡುತ್ತದಂತೆ. ಓದಿ ನಗು ಬಂತು. ಇದನ್ನು ನಾನು ವರ್ಷಗಟ್ಟಲೆಯಿಂದ ಮಾಡುತ್ತಲೇ ಇದ್ದೇನಲ್ಲ!

ನಾನು ಕಾರು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟೇ ನನ್ನ ಸಿಂಹಾಸನ, ಅದರ ಮುಂದೆ ನನ್ನದೇ ಒಂದು ಬ್ರೇಕು. ಶಿಷ್ಯನ ಪಾದ ತಪ್ಪು ಪೆಡಲಿನತ್ತ ಹೊರಡುವ ಮೊದಲೇ ನನ್ನ ಪಾದ ಬ್ರೇಕಿನ ಮೇಲಿರುತ್ತದೆ. ಹೊಸಬರ ಕಿರುಬೆರಳು ನೋಡಿಯೇ ಅವರು ಯಾವ ಕಂಬಕ್ಕೆ ಗುದ್ದಲಿದ್ದಾರೆ ಎಂದು ಹೇಳಬಲ್ಲೆ.

"ಹಾಗಾದ್ರೆ ಈಗ ನನ್ನ ಮನಸ್ಸಲ್ಲಿ ಏನಿದೆ, ಹೇಳಿ" ಎಂದಳು ಹೆಂಡತಿ.

"ಇಂಥ ಗಂಡ ಸಿಕ್ಕಿದ್ದು ಪುಣ್ಯ ಅಂತ."

"ಕಾಲು ತೆಗೀರಿ ಅಂತ. ಗುಡಿಸ್ಬೇಕು."

ಅವಳ ಕೈಯಲ್ಲಿ ಪೊರಕೆ ಇದ್ದದ್ದನ್ನು ನಾನು ಆಗ ಗಮನಿಸಿದೆ. ಆದರೇನು, ಆರಂಭದಲ್ಲಿ ಎಡವುವುದು ಸಹಜ. ಮಧ್ಯಾಹ್ನ ಅವಳು ಉಪ್ಪಿನ ಜಾಡಿಯತ್ತ ಕೈ ಚಾಚಿದಾಗ ಮಿಂಚಿನ ವೇಗದಲ್ಲಿ ಜಾಡಿಯನ್ನು ಅವಳ ಕೈಗೆ ತಳ್ಳಿದೆ. ಅವಳು ಓಡಿಸಹೊರಟದ್ದು ಜಾಡಿಯ ಪಕ್ಕದ ಇರುವೆಯನ್ನಂತೆ. ಜಾಡಿ ಚೂರಾಯಿತು, ಉಪ್ಪು ನೆಲದ ಪಾಲಾಯಿತು, ಇರುವೆ ಮಾತ್ರ ಕ್ಷೇಮವಾಗಿ ಮನೆ ಸೇರಿತು. ಸಂಜೆ ಮಾವನವರು ಕುರ್ಚಿಯಿಂದ ಅರ್ಧ ಎದ್ದರು. ಓಡಿಹೋಗಿ ಊರುಗೋಲು ತಂದು, ತೋಳು ಹಿಡಿದು, ಬಚ್ಚಲ ಬಾಗಿಲವರೆಗೆ ನಡೆಸಿದೆ. ಪಾಪ, ಅವರು ಎದ್ದದ್ದು ಕೆಳಗೆ ಸಿಕ್ಕಿಕೊಂಡಿದ್ದ ಕನ್ನಡಕವನ್ನು ತೆಗೆಯಲು.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಬುದ್ಧಿವಂತ. ಆದರೆ ಆ ವಾರ ಹೆಂಡತಿಯ ನಡವಳಿಕೆಯಲ್ಲಿ ಏನೋ ಬದಲಾವಣೆ ಕಂಡಿತು. ಸಂಜೆ ಸೋಪು ತರಲು ಹೋದವಳು ಎಷ್ಟೋ ಹೊತ್ತಿನ ಮೇಲೆ ಕೆನ್ನೆ ಕೆಂಪಾಗಿಸಿಕೊಂಡು ಬರುತ್ತಿದ್ದಳು, ಸೋಪು ಮರೆತು. ಊಟಕ್ಕೆ ಕೂತರೆ ಮೇಜಿನ ಕೆಳಗೆ ಅವಳ ಎಡಗಾಲು ನೆಲವನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ಈ ಮನೆಯಲ್ಲಿ ಅವಳ ಕಾಲು ನಿಲ್ಲುತ್ತಿಲ್ಲ ಎಂದುಕೊಂಡೆ. ಅಡುಗೆಮನೆಯಿಂದ ಹೊರಬರುವ ಮೊದಲು ಆಚೆ ಈಚೆ ಕತ್ತು ತಿರುಗಿಸಿ ನೋಡುತ್ತಿದ್ದಳು, ಕಳ್ಳಬೆಕ್ಕಿನ ಹಾಗೆ. ಕೊನೆಗೆ ಒಂದು ದಿನ ತನ್ನ ಎತ್ತರದ ಚಪ್ಪಲಿಯನ್ನೆಲ್ಲ ಮೂಲೆಗೆ ತಳ್ಳಿ, ತೆಳು ಅಡಿಯ ಬಟ್ಟೆಯ ಬೂಟು ಕೊಂಡು ತಂದಳು. ಬೂಟು ಯಾತಕ್ಕೆ? ಓಡುವುದಕ್ಕೆ! ಓಡುವುದು ಎಲ್ಲಿಗೆ? ನನ್ನನ್ನು ಬಿಟ್ಟು!

ನಗುವವರು ನಗಲಿ, ನನಗೆ ಊಟ ಸೇರಲಿಲ್ಲ. ಅವಳಿಲ್ಲದ ಮನೆಯನ್ನು ನೆನೆಯಲೂ ಆಗುತ್ತಿರಲಿಲ್ಲ. ಕೇಳೋಣವೆಂದರೆ, ಕೇಳದೆಯೇ ತಿಳಿಯುತ್ತದೆ ಎಂದು ಡಂಗುರ ಹೊಡೆದವನು ನಾನೇ.

ಮರುದಿನ ಸಂಜೆ ನನ್ನ ಪಕ್ಕದಲ್ಲಿ ಕಲಿಯುತ್ತಿದ್ದವರು ಹಲ್ಲಿನ ಡಾಕ್ಟರು. ಗೇರು ಬದಲಿಸುವ ಮೊದಲು "ಸ್ವಲ್ಪ ನೋವಾಗಬಹುದು" ಎನ್ನುವ ಸಭ್ಯಸ್ಥರು, ಎರಡನೆಯ ಗೇರು ದಾಟಿದವರಲ್ಲ. ಅಡ್ಡರಸ್ತೆಯಿಂದ ಒಂದು ಬಿಳಿ ಕಾರು ಹೊರಬಂದು ನಮ್ಮ ಮುಂದೆ ಸೇರಿಕೊಂಡಿತು. ಅದರಲ್ಲಿ ನನ್ನ ಹೆಂಡತಿ! ಅವಳ ಪಕ್ಕದಲ್ಲಿ ಒಂದು ದೊಡ್ಡ ಮೀಸೆ!

"ಆ ಕಾರನ್ನ ಬಿಡಬೇಡಿ ಡಾಕ್ಟ್ರೇ" ಎಂದೆ. ಅವರು ಜೀವನದಲ್ಲಿ ಮೊದಲ ಬಾರಿಗೆ ಮೂರನೆಯ ಗೇರು ಹಾಕಿದರು. ನನ್ನ ಕಣ್ಣು ಮುಂದಿನ ಆ ಎರಡು ತಲೆಗಳ ಮೇಲಿತ್ತು. ಬಿಳಿ ಕಾರು ದೀಪ ಮಿಣುಕಿಸುತ್ತಾ ರಸ್ತೆಯಂಚಿಗೆ ಸರಿಯತೊಡಗಿತು. ಡಾಕ್ಟರ ಪಾದ ಬ್ರೇಕಿನತ್ತ ಹೊರಟಿತು. ಇವರು ಬೆನ್ನಟ್ಟುವುದನ್ನೇ ಕೈಬಿಡಲಿದ್ದಾರೆ ಎಂದು ನನ್ನ ಮಿದುಳು ತಕ್ಷಣ ಓದಿತು. "ನಿಲ್ಲಿಸಬೇಡಿ!" ಎಂದು ಕೂಗಿದೆ. ಡಾಕ್ಟರು ಗುರುವಾಕ್ಯ ಮೀರುವವರಲ್ಲ.

ಢಬ್!

ನಮ್ಮ ಒಂದು ಹೆಡ್‌ಲೈಟು ಉದುರಿತು. ಯಾರಿಗೂ ಪೆಟ್ಟಾಗಲಿಲ್ಲ. ಬಾಯಿ ತೆರೆದುಕೊಂಡು ಕೂತಿದ್ದ ನನಗೆ ಡಾಕ್ಟರು ಅಭ್ಯಾಸಬಲದಿಂದ "ಮುಗೀತು, ಬಾಯಿ ಮುಚ್ಚಬಹುದು" ಎಂದರು. ಆಮೇಲೆ ಮೆಲ್ಲಗೆ, "ಆ ಕಾರಿನ ಹಿಂದೆನೂ ನಮ್ಮ ಹಾಗೇ ಕೆಂಪು ಎಲ್ ಹಲಗೆ ಇದೆಯಲ್ಲ ಸಾರ್" ಎಂದರು.

ಇತ್ತು. ಸ್ಟೇರಿಂಗ್ ಕಡೆಯ ಬಾಗಿಲಿನಿಂದ ಇಳಿದು ಬಂದವಳು ನನ್ನ ಹೆಂಡತಿ. ಕಾಲಲ್ಲಿ ಬಟ್ಟೆಯ ಬೂಟು. ಮೇಜಿನ ಕೆಳಗೆ ಒತ್ತುತ್ತಿದ್ದ ಎಡಗಾಲು ಕ್ಲಚ್ಚಿಗೆ, ಆಚೆ ಈಚೆ ತಿರುಗುತ್ತಿದ್ದ ಕತ್ತು ಕನ್ನಡಿಗೆ! ತೆಳು ಅಡಿಯ ಬೂಟನ್ನೇ ಹಾಕಿಕೊಂಡು ಬನ್ನಿ ಎಂದು ಪ್ರತಿಯೊಬ್ಬ ಶಿಷ್ಯನಿಗೂ ಮೊದಲ ದಿನವೇ ಹೇಳುವವನು ನಾನು. ಮೀಸೆಯ ಮನುಷ್ಯ ಬೇರೆ ಡ್ರೈವಿಂಗ್ ಸ್ಕೂಲಿಗೆ ಹೊಸದಾಗಿ ಬಂದ ಮೇಷ್ಟ್ರು. ಸಿಟ್ಟು ಬರಬೇಕಾಗಿತ್ತು. ಬಂದದ್ದು ಸಮಾಧಾನ, ಕಣ್ಣಲ್ಲಿ ನೀರು ಬರುವಷ್ಟು.

"ನಮ್ಮ ಮನೇಲೇ ಮೇಷ್ಟ್ರಿರುವಾಗ ಬೇರೆಯವರ ಹತ್ರ ಯಾಕೆ?" ಎಂದೆ.

"ನಾನು ತಪ್ಪು ಮಾಡೋಕೂ ಮುಂಚೆ ನೀವು ಬ್ರೇಕ್ ಹಾಕಿರ್ತೀರ. ನಾನು ಕಲಿಯೋದು ಯಾವಾಗ?" ಎಂದಳು. "ಕನ್ನಡಿಯಲ್ಲಿ ನಿಮ್ಮ ಮುಖ ನೋಡಿದೆ. ನಾನು ಓಡಿಹೋಗ್ತಿದ್ದೀನಿ ಅಂದ್ಕೊಂಡಿದ್ದೀರ ಅಂತ ಗೊತ್ತಾಯ್ತು. ಅದಕ್ಕೇ ಪಕ್ಕಕ್ಕೆ ನಿಲ್ಲಿಸ್ದೆ."

ಮೀಸೆಯವರು ತಮ್ಮ ಕಾರು ತೆಗೆದುಕೊಂಡು ಹೋದರು. ನಮ್ಮ ಒಕ್ಕಣ್ಣಿನ ಕಾರಿನ ಸ್ಟೇರಿಂಗ್ ಹಿಡಿದು ಅವಳು ಕೂತಳು, ಪಕ್ಕದಲ್ಲಿ ನಾನು, ಹಿಂದೆ ಡಾಕ್ಟರು. ಮನೆ ಬರುವವರೆಗೂ ಬ್ರೇಕು ಮುಟ್ಟಬಾರದೆಂದು ನಿಶ್ಚಯಿಸಿ, ಕೈಕಟ್ಟಿಕೊಂಡು ಕಲ್ಲಿನಂತೆ ಕೂತೆ. ಮುಂದೆ ತಿರುವು ಕಾಣಿಸಿತು.

"ಕಾಲು ತೆಗೀರಿ" ಎಂದಳು, ರಸ್ತೆಯಿಂದ ಕಣ್ಣು ಕದಲಿಸದೆ.

"ಇನ್ನೂ ಇಟ್ಟೇ ಇಲ್ವಲ್ಲ!"

"ಇಡೋಕೆ ಹೊರಟಿದ್ರಿ."