ಒಂದು ಗಂಟೆಯ ಮಟ್ಟಿಗೆ ಪಡೆದ ಗುದ್ದಲಿಯ ಕುರಿತು

ಹೆಸರು ನಮೂದಿಸದ ಇಲಾಖೆ
(ಶಂಕುಸ್ಥಾಪನೆ, ಹಾರ ಹಾಗೂ ಸಂತಾಪ ಶಾಖೆ)
ಯಲಹಂಕ ಉಪನಗರ

ಸಂಖ್ಯೆ: ಶಂಹಾಸಂ/ಗುದ್ದಲಿ/೦೧
ದಿನಾಂಕ: ಹನ್ನೊಂದನೆಯ ದಿನದ ಕಾರ್ಯದ ಮಾರನೆಯ ದಿನ, ಮಂಗಳವಾರ

ಸುತ್ತೋಲೆ

ವಿಷಯ: ದಿವಂಗತ ಬಿಲ್ಡರ್ ಶ್ರೀ ಅನಂತರಾಜು ಅವರ ಸ್ವಾಧೀನದಲ್ಲಿದ್ದ ಗುದ್ದಲಿಯನ್ನು ಮುಟ್ಟುವ, ಹಿಡಿಯುವ ಹಾಗೂ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: (ಅ) ಮೂರು ಪಕ್ಷಗಳಿಂದ ಬಂದ ಮೂರು ಸಂತಾಪ ಪತ್ರಗಳು; ಒಕ್ಕಣೆ ಒಂದೇ, ಕೊನೆಯ ಸಾಲಿನಲ್ಲಿ ಗುದ್ದಲಿಯ ಬೇಡಿಕೆಯೂ ಒಂದೇ.
(ಆ) ಅಟ್ಟೂರಿನ ರೈತ ಶ್ರೀ ಹನುಮಯ್ಯ ಅವರ ಮೌಖಿಕ ಜ್ಞಾಪನಗಳು, ಹದಿನಾಲ್ಕು ವರ್ಷಗಳವು.

ಪ್ರಸ್ತಾವನೆ:

ಕಾರ್ಯ ಮುಗಿದು, ಶಾಮಿಯಾನ ಬಿಚ್ಚಿ, ಬಾಡಿಗೆ ಕುರ್ಚಿಗಳು ಹೋದ ಮೇಲಿನ ಮೊದಲ ಸಾಧಾರಣ ಬೆಳಗ್ಗೆ, ಏಳು ಗಂಟೆಗೆ, ಮೃತರ ಪತ್ನಿ ಶ್ರೀಮತಿ ಸಂಯುಕ್ತಾ (೩೧ ವರ್ಷ, ಎಂ.ಎ.) ಅವರು ಎರಡು ಲೋಟ ಕಾಫಿ ಬೆರೆಸಿದರು. ಎರಡನೆಯ ಲೋಟಕ್ಕೆ ಹಕ್ಕುದಾರರಿಲ್ಲ ಎಂಬುದು ಬೆರೆಸಿದ ನಂತರ ಗಮನಕ್ಕೆ ಬಂದಿರುತ್ತದೆ. ಇಂಥ ಲೋಟದ ವಿಲೇವಾರಿ ಕುರಿತು ಯಾವ ಆದೇಶವೂ ಜಾರಿಯಲ್ಲಿಲ್ಲ. ಅಷ್ಟರಲ್ಲಿ ಮೃತರ ತಮ್ಮ ಶ್ರೀ ನಾಗೇಶ್ ಒಳಗೆ ಬಂದು, ಅದನ್ನು ಕುಡಿದು, ಹಾಲ್‌ನಲ್ಲಿರುವ ಗಾಜಿನ ಪೆಟ್ಟಿಗೆಯ ಬೀಗದ ಕೈ ಕೇಳಿದರು.

ಪೆಟ್ಟಿಗೆಯೊಳಗೆ ಗುದ್ದಲಿ ಇದೆ. ಹದಿನಾಲ್ಕು ವರ್ಷಗಳ ಹಿಂದೆ ಅನಂತರಾಜು ಅವರ ಮೊದಲ ಲೇಔಟಿನ ಗುದ್ದಲಿ ಪೂಜೆಗೆ ಅಂದಿನ ಶಾಸಕರು ಬಂದು ನಿಂತಾಗ, ಹೂವು, ತೆಂಗಿನಕಾಯಿ, ಬ್ಯಾಂಡ್‌ಸೆಟ್ಟು ಎಲ್ಲವೂ ಇದ್ದು ಗುದ್ದಲಿಯೊಂದೇ ಇರಲಿಲ್ಲ. ಪಕ್ಕದ ಹೊಲದಲ್ಲಿ ಅವರೆ ಸಾಲು ಕೆದಕುತ್ತಿದ್ದ ಹನುಮಯ್ಯ ಅವರಿಂದ, “ಒಂದ್ ಗಂಟೆ ಕೊಡಣ್ಣೋ, ಇಗೋ ತಂದೆ” ಎಂಬ ಷರತ್ತಿನ ಮೇಲೆ ಅದನ್ನು ಪಡೆಯಲಾಯಿತು. ಆ ವರ್ಷವೇ ಶಾಸಕರು ಮಂತ್ರಿಯಾದರು. ಅಲ್ಲಿಂದ ಮುಂದೆ ಈ ಗುದ್ದಲಿ ಹಿಡಿದವರು ಸೋಲುವುದಿಲ್ಲ ಎಂಬುದು ಹೆಬ್ಬಾಳದಿಂದ ಯಶವಂತಪುರದವರೆಗೆ ಎಲ್ಲ ಪಕ್ಷಗಳೂ ಒಪ್ಪಿದ ಏಕೈಕ ವಿಷಯವಾಯಿತು. ಹಿಡಿದು ಸೋತವರೂ ಇದ್ದಾರೆ. ಅವರು ಸರಿಯಾಗಿ ಹಿಡಿದಿರಲಿಲ್ಲವೆಂದು ತೀರ್ಮಾನಿಸಲಾಗಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲ ಸಂಬಂಧಪಟ್ಟವರಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

೧. ಗುದ್ದಲಿ ಹಿಡಿದ ಗಣ್ಯರಿಗೆ ಮೃತರು ನೀಡುತ್ತಿದ್ದುದು ಹಣ್ಣಿನ ಬುಟ್ಟಿ ಮಾತ್ರ. ಅದನ್ನು ಕಾರಿಗೆ ಎತ್ತಿಡಲು ಇಬ್ಬರು ಬೇಕಾಗುತ್ತಿದ್ದುದು ಹಣ್ಣು ಚೆನ್ನಾಗಿ ಬಲಿತಿದ್ದ ಕಾರಣದಿಂದ ಎಂದು ತಿಳಿಯತಕ್ಕದ್ದು. ಮೂರೂ ಪಕ್ಷಗಳಿಗೆ ಒಂದೇ ಅಂಗಡಿಯ ಬುಟ್ಟಿ ಹೋಗುತ್ತಿತ್ತು. ಇದೇಕೆಂದು ಪತ್ನಿ ಒಮ್ಮೆ ಕೇಳಿದಾಗ ಮೃತರು ನೀಡಿದ ಸಮಜಾಯಿಷಿ: “ಯಾವ್ ದೇವ್ರು ಯಾವಾಗ್ ಎದ್ದು ಕೂರುತ್ತೋ ಯಾರಿಗ್ ಗೊತ್ತು ಕಣೇ? ಎಲ್ಲಾರ್ಗೂ ಇಟ್ಟಿರ್ಬೇಕು.”

೨. ಅಂತ್ಯಸಂಸ್ಕಾರವು ಗುದ್ದಲಿ ಪೂಜೆಯಲ್ಲ ಎಂದು ಸ್ಪಷ್ಟಪಡಿಸಲಾಗಿದೆ. ತೋಟದಲ್ಲಿ ಮಣ್ಣು ಮಾಡುವಾಗ ಮಾಜಿ ಸಚಿವರೊಬ್ಬರು ಇದೇ ಗುದ್ದಲಿಯಿಂದ ಮೊದಲ ಮಣ್ಣನ್ನು ಎಳೆದು ಹಾಕಿದ ಕೂಡಲೇ ನೆರೆದ ಸುಮಾರು ಇನ್ನೂರು ಜನ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿರುತ್ತಾರೆ. ಸಚಿವರು ಅಭ್ಯಾಸಬಲದಿಂದ ಕೈ ಬೀಸಿರುತ್ತಾರೆ. ವಾರ್ಡಿನ ಮುಖಂಡ ಶ್ರೀ ಮುನಿರಾಜು ಅವರು, “ಕೆಲ್ಸ ಬೇಗ ಮುಗೀಲಿ ಅಂತ ಹಾರೈಸ್ತೀವಿ” ಎಂದು ಮೈಕಿನಲ್ಲಿ ಹೇಳಿರುತ್ತಾರೆ. ಸದರಿ ಚಪ್ಪಾಳೆಯನ್ನು ಹಿಂಪಡೆಯಲು ಕೊನೆಯ ದಿನಾಂಕ ಮುಗಿದಿದೆ.

೩. ಗುದ್ದಲಿಯ ಕಾವು ಮೂರು ಅಡಿ. ಭಾವಚಿತ್ರದಲ್ಲಿ ಬರಲಿಚ್ಛಿಸುವವರು ಸರಾಸರಿ ಇಪ್ಪತ್ತಮೂರು. ಆದುದರಿಂದ ಪ್ರತಿಯೊಬ್ಬರಿಗೆ ಎರಡು ಬೆರಳಿನ ಜಾಗ ಮಂಜೂರಾಗಿರುತ್ತದೆ. ಜಾಗ ಸಿಗದವರು ಸಿಕ್ಕವರ ಮೊಣಕೈ ಹಿಡಿಯಬಹುದು. ಮೊಣಕೈಯೂ ಸಿಗದವರು ಹಿಂದೆ ನಿಂತು ಕತ್ತು ಉದ್ದ ಮಾಡಬಹುದು. ಅವರನ್ನೂ ಅಗೆದವರೆಂದೇ ಪರಿಗಣಿಸಲಾಗುವುದು. ಗಣ್ಯರು ಬರುವ ಮುನ್ನ ಅಲ್ಲಿ ನಿಜವಾಗಿ ಅಗೆದು ಮರಳು ತುಂಬಿಟ್ಟ ಕೂಲಿಯವರು ಅಗೆದವರಲ್ಲ.

೪. ಶ್ರದ್ಧಾಂಜಲಿ ಫ್ಲೆಕ್ಸ್‌ಗಳಲ್ಲಿ ಮೃತರ ಮುಖವು ಮುಖಂಡರ ಕಿವಿಗಿಂತ ಚಿಕ್ಕದಾಗಿರಬಾರದು. ಅಟ್ಟೂರು ತಿರುವಿನ ಫ್ಲೆಕ್ಸ್‌ನಲ್ಲಿರುವುದು ಪುಟ್ಟೇನಹಳ್ಳಿ ಕೆರೆಯ ದಂಡೆಯಲ್ಲಿ ತೆಗೆದ ಚಿತ್ರ. ಪಕ್ಕದಲ್ಲಿದ್ದ ಪತ್ನಿಯನ್ನು ಅದರಿಂದ ಕತ್ತರಿಸಲಾಗಿದೆ. ಭುಜದ ಮೇಲೆ ಆಕೆಯ ನಾಲ್ಕು ಬೆರಳು ಉಳಿದಿವೆ. ಬೆರಳುಗಳ ಬಗ್ಗೆ ಇಲಾಖೆಯ ಆಕ್ಷೇಪಣೆ ಇಲ್ಲ.

೫. ಶ್ರೀ ನಾಗೇಶ್ ಬೀಗದ ಕೈ ಕೇಳಿದ ಕಾರಣವನ್ನು ಪರಿಶೀಲಿಸಲಾಯಿತು. ಬರುವ ಶುಕ್ರವಾರ ಕಂಪನಿಯ ಹೊಸ ಲೇಔಟಿನ ದಾರಿಗೆ ಗುದ್ದಲಿ ಪೂಜೆ ನಿಗದಿಯಾಗಿದೆ. ದಾರಿ ಹೋಗಬೇಕಾಗಿರುವುದು ಹನುಮಯ್ಯ ಅವರಿಗೆ ಉಳಿದಿರುವ ಹತ್ತು ಗುಂಟೆಯ ಮೇಲೆ. ನಡೆದ ಸಮಾಲೋಚನೆಯನ್ನು ಯಥಾವತ್ತಾಗಿ ದಾಖಲಿಸಿದೆ:

“ಅತ್ಗೆ, ಗುದ್ದಲಿ ಇದ್ರೇನೇ ಲೀಡರ್ ಬರೋದು. ಅವ್ರು ಬಂದ್ರೆ ಪೊಲೀಸು, ಟಿವಿ ಎಲ್ಲಾ ಬರುತ್ತೆ. ಆಮೇಲ್ ಆ ಮುದುಕ ಏನ್ ಮಾಡ್ತಾನೆ?”

“ಹನುಮಯ್ಯ ಜಮೀನು ಕೊಟ್ಟಿದ್ದಾರಾ?”

“ಪೂಜೆ ಮೊದ್ಲು, ಮಾತುಕತೆ ಆಮೇಲೆ. ಅಣ್ಣಾನೂ ಹಂಗೇ ಮಾಡ್ತಿದ್ದಿದ್ದು.”

ಅಣ್ಣನೂ ಹಾಗೆಯೇ ಮಾಡುತ್ತಿದ್ದರು. ಇದು ಸಂಯುಕ್ತಾ ಅವರಿಗೆ ಮೊದಲೇ ತಿಳಿದಿತ್ತು. ಎಂಟು ವರ್ಷ ಆ ಪೆಟ್ಟಿಗೆಯ ಗಾಜು ಒರೆಸಿದವರು ಅವರೇ.

“ಕೊಡ್ಲಿಲ್ಲ ಅಂದ್ರೆ ನೋಡಿ, ನಾಳೆಯಿಂದ ಈ ಮನೆ ಕಡೆ ಒಬ್ರೂ ತಲೆ ಹಾಕಲ್ಲ.”

ಈ ಕೊನೆಯ ವಾಕ್ಯವನ್ನು ಬೆದರಿಕೆಯಾಗಿ ಹೇಳಲಾಗಿದ್ದು, ಸಂಯುಕ್ತಾ ಅವರು ಅದನ್ನು ಸೌಲಭ್ಯವೆಂದು ಓದಿಕೊಂಡಿರುತ್ತಾರೆ. ಬೀಗದ ಕೈ ಕಳೆದಿದೆಯೆಂದು ಉತ್ತರಿಸಲಾಯಿತು. ನಾಗೇಶ್ ಅವರ ಕಾರು ಗೇಟು ದಾಟಿದ ಮೇಲೆ ಅದು ಸೆರಗಿನ ತುದಿಯಲ್ಲಿ ಪತ್ತೆಯಾಯಿತು.

೬. ಗುದ್ದಲಿಯ ಸಾಗಾಣಿಕೆ: ಮೃತರ ಚಾಲಕ, ಆರ್.ಟಿ. ನಗರದ ಶ್ರೀ ನಯೀಮ್ ಅವರಿಗೆ ಡಿಕ್ಕಿ ತೆರೆಯಲು ಸೂಚಿಸಲಾಯಿತು. ಅವರು ನಿಯಮ ಉಲ್ಲೇಖಿಸಿ ಆಕ್ಷೇಪಿಸಿದರು. “ಡಿಕ್ಕೀಲಾ? ಸಾರ್ ಬೈತಿದ್ರು ಮೇಡಂ. ಅದಕ್ಕೆ ಮುಂದಿನ್ ಸೀಟು, ಬೆಲ್ಟ್ ಬೇರೆ. ನಿಮ್ಗೆ ಯಾವತ್ತಾದ್ರೂ ಬೆಲ್ಟ್ ಹಾಕ್ಕೋ ಅಂದಿದ್ರಾ?” ಅಂದಿರಲಿಲ್ಲ. ಗುದ್ದಲಿ ಮುಂದೆ, ಸಂಯುಕ್ತಾ ಹಿಂದೆ ಕುಳಿತು ಅಟ್ಟೂರಿಗೆ ಪ್ರಯಾಣ ಬೆಳೆಸಲಾಯಿತು. ಮೂರು ಫ್ಲೆಕ್ಸ್ ದಾಟಲಾಯಿತು.

೭. ವಸ್ತುವನ್ನು ಮಾಲೀಕರಿಗೆ ಬೆಳಗ್ಗೆ ಹತ್ತೂ ಕಾಲಿಗೆ, ಸದರಿ ಹತ್ತು ಗುಂಟೆಯಲ್ಲಿ, ಹಸ್ತಾಂತರಿಸಲಾಯಿತು. ಹನುಮಯ್ಯ ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

“ಅನಂತನ ಎಂಡ್ರಲ್ವಾ? ತಾಯಿ, ನೀನ್ಯಾಕ್ ಇದ್ನ ತಂದೆ, ಇಂಥ ಒತ್ನಾಗೆ?”

“ಒಂದು ಗಂಟೆ ಅಂತ ತಂದಿದ್ರಂತೆ.”

“ಊಂ. ದೊಡ್ ಗಂಟೆ.”

ಅವರು ಗುದ್ದಲಿಯನ್ನು ತಿರುಗಿಸಿ ಅಲಗಿನ ಮೇಲೆ ಹೆಬ್ಬೆರಳಾಡಿಸಿದರು. “ನೋಡು, ಒಂದ್ ನೂಲೂ ಸವ್ದಿಲ್ಲ. ಅದ್ನಾಲ್ಕು ವರ್ಸ ಕೆಲ್ಸಾನೇ ಮಾಡಿಲ್ಲ ಇದು.” ಬಳಿಕ ಕಾವಿಗೆ ಸುತ್ತಿದ್ದ ಬೆಳ್ಳಿಯ ತಗಡನ್ನು ಕುಡುಗೋಲಿನಿಂದ ಎಬ್ಬಿಸಿ, ಸುರುಳಿ ಮಾಡಿ ಆಕೆಯ ಕೈಗಿತ್ತರು. “ಇದ್ ನಂದಲ್ಲ. ಕೈ ಜಾರ್ತದೆ.”

ಶುಕ್ರವಾರದ ವಿಷಯವನ್ನು ಆಕೆ ತಿಳಿಸಿದರು. ಅವರು ಪಂಚೆ ಎತ್ತಿ ಕಟ್ಟಿ ಅವರೆ ಸಾಲಿಗೆ ಇಳಿದು, ಅಂಗೈಗೆ ಉಗುಳಿಕೊಂಡು, ಗುದ್ದಲಿ ಎತ್ತಿ ಹಾಕಿದರು. ಮಣ್ಣು ಹೊರಳಿತು. ಆಕೆ ಬದುವಿನ ಮೇಲೆ ನಿಂತಿದ್ದರು. ಚಪ್ಪಾಳೆ ಇರಲಿಲ್ಲ.

ಈ ಸುತ್ತೋಲೆಯು ಆ ಕ್ಷಣದಿಂದ ಜಾರಿಗೆ ಬಂದಿದೆ.

(ಸಹಿ)
ಪ್ರಭಾರ ಅಧಿಕಾರಿ
ಶಂಕುಸ್ಥಾಪನೆ, ಹಾರ ಹಾಗೂ ಸಂತಾಪ ಶಾಖೆ

ಪ್ರತಿಗಳು:
೧. ಸಂಬಂಧಪಟ್ಟ ಲೀಡರ್ – ಗುದ್ದಲಿ ಇಲ್ಲವೆಂದು ತಿಳಿದ ಕೂಡಲೇ ತಮಗೆ ಶುಕ್ರವಾರ ಜ್ವರ ಬರಲಿದೆಯೆಂದು ಮುಂಚಿತವಾಗಿ ತಿಳಿಸಿದ್ದಕ್ಕೆ ವಂದನೆಗಳೊಂದಿಗೆ.
೨. ಶ್ರೀ ಮುನಿರಾಜು – ಕೆಲಸ ಮುಗಿದಿದೆ.
೩. ಶ್ರೀ ನಾಗೇಶ್ – ಪೆಟ್ಟಿಗೆ ಖಾಲಿ ಇದೆ. ಬೀಗದ ಕೈ ಲಗತ್ತಿಸಿದೆ. ಬೆಳ್ಳಿಯ ತಗಡೂ.
೪. ಹಣ್ಣಿನ ಅಂಗಡಿ – ಇನ್ನು ಮುಂದೆ ಒಬ್ಬರೇ ಎತ್ತುವ ಬುಟ್ಟಿ ಸಾಕು.
೫. ಶ್ರೀ ಹನುಮಯ್ಯ – ಓದಲು ಬಾರದ ಕಾರಣ ಪ್ರತಿ ಕಳುಹಿಸಿಲ್ಲ, ಗುದ್ದಲಿ ತಲುಪಿದೆ.
೬. ಶ್ರೀ ಅನಂತರಾಜು, ತೋಟ – ಒಂದು ಗಂಟೆ ಆಯಿತು ಎಂಬ ಮಾಹಿತಿಗಾಗಿ.