ಕೆಂಪು ಬಟ್ಟೆಯವನೂ ಹಣ್ಣಾದ ಹುಳವೂ

"ಸಿದ್ದಮ್ಮಾ, ಬರೆದಿಟ್ಕೊ! ಈ ಸಲದ ಹುಳ ಹಣ್ಣಾಗೋದ್ರೊಳಗೆ ಆ ಕೆಂಪು ಬಟ್ಟೆಯೋನ್ನ ಅಂಗಾತ ಮಲಗಿಸ್ದೇ ಹೋದ್ರೆ ನಾನು ಮರಿಯಪ್ಪನ ಮಗನೇ ಅಲ್ಲ!"

ಹೊಂಗನೂರಿನ ರೇಷ್ಮೆ ಬೆಳೆಗಾರ ಲಿಂಗಯ್ಯ ಹೆಂಡತಿಯ ಮುಂದೆ ಈ ಘೋರ ಪ್ರತಿಜ್ಞೆ ಮಾಡಿದ್ದು ತನ್ನದೇ ಜಗಲಿಯಲ್ಲಿ. ಸಾಕ್ಷಾತ್ ಮರಿಯಪ್ಪನವರು ಅಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಮಗನನ್ನೊಮ್ಮೆ ನೋಡಿ, ಎಲೆಗೆ ಸುಣ್ಣ ಹಚ್ಚುವುದನ್ನು ಮುಂದುವರಿಸಿದರು.

ಕೆಂಪು ಬಟ್ಟೆಯವನು ಮನುಷ್ಯನಲ್ಲ. ಚನ್ನಪಟ್ಟಣದ ಆಫ್ತಾಬ್ ತನ್ನ ವಿಡಿಯೋ ಗೇಮ್ ಅಂಗಡಿಗೆ ಕಂಪ್ಯೂಟರ್ ತಂದಮೇಲೆ ಮೂಲೆಗೆ ತಳ್ಳಿದ್ದ ಹಳೇ ಕರಾಟೆ ಮಿಷಿನ್ನಿನೊಳಗೆ ವಾಸವಾಗಿದ್ದವನು. ಲಿಂಗಯ್ಯ ತನ್ನ ಜಗಳಗಂಟ ಹುಂಜವನ್ನು ಆಫ್ತಾಬನಿಗೆ ಕೊಟ್ಟು, ಬೀರುವಿನಷ್ಟು ಎತ್ತರದ ಆ ಮಿಷಿನ್ನನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಜಗಲಿಯಲ್ಲಿ ನಿಲ್ಲಿಸಿದ್ದ. "ಒಬ್ಬ ಜಗಳಗಂಟನ್ನ ಕೊಟ್ಟು ಇಬ್ರನ್ನ ತಂದಿವ್ನಿ" ಎಂಬ ಹೆಮ್ಮೆ ಬೇರೆ!

ಆಟ ನೋಡಲು ಸುಲಭ. ಬಿಳಿ ಬಟ್ಟೆಯವನು ನಾವು, ಕೆಂಪು ಬಟ್ಟೆಯವನು ಮಿಷಿನ್ನು, ನಡುವೆ ತೀರ್ಪು ಹೇಳುವ ಒಬ್ಬ ಮುದುಕ. ಆದರೆ ಒದೆಯಬೇಕಾದರೆ ಎರಡು ಕೈಯಲ್ಲಿ ಎರಡು ಕೋಲು ಹಿಡಿದು ಎಳೆದಾಡಬೇಕು. ಲಿಂಗಯ್ಯನ ಬಲಗೈ ಒದೆ ಎಂದರೆ ಎಡಗೈ ಬಗ್ಗು ಎನ್ನುತ್ತಿತ್ತು. ಬಿಳಿಯವನು ಪಾಪ, ಯಾರ ಮಾತು ಕೇಳಬೇಕು? ಒದೆ ತಿಂದು ಬೀಳುತ್ತಿದ್ದ. ಬಿಡದಿಯ ಫ್ಯಾಕ್ಟರಿ ಬಸ್ಸಿನಿಂದ ಇಳಿದವರೆಲ್ಲ ಯೂನಿಫಾರ್ಮಿನಲ್ಲೇ ಬಂದು ಸಾಲು ನಿಲ್ಲತೊಡಗಿದರು. ಅವರೂ ಬಿದ್ದರು. ಕೆಂಪಿನವನು ಮಾತ್ರ ಜಗ್ಗಲಿಲ್ಲ.

ಅಷ್ಟರಲ್ಲಿ ಒಂದು ಮಧ್ಯಾಹ್ನ, ಎಣಿಸಿದ್ದಕ್ಕಿಂತ ಮುಂಚೆಯೇ, ರೇಷ್ಮೆ ಹುಳ ಹಣ್ಣಾಯಿತು!

"ಬನ್ನಿ, ಬಿರ್ನೆ ಬನ್ನಿ! ಹುಳ ಎಲ್ಲ ಹಳದಿಯಾಗಿ ತಲೆ ಎತ್ತವೆ!" ಎಂದು ಸಿದ್ದಮ್ಮ ಹುಳದ ಮನೆಯಿಂದ ಕೂಗಿದಳು.

ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳ ಯಾರಿಗೂ ಕಾಯುವುದಿಲ್ಲ. ಆರಿಸಿ, ಗೂಡು ಕಟ್ಟಿಸುವ ಬಿದಿರಿನ ತಟ್ಟೆ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿಬಿಡುತ್ತದೆ. ಅಂಥ ಕೊಳಕು ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ. ಇಡೀ ಬೆಳೆ ಮಣ್ಣುಪಾಲು. ಅದಕ್ಕೇ ಒಬ್ಬರ ಮನೆಯಲ್ಲಿ ಹುಳ ಹಣ್ಣಾದರೆ ಬೀದಿಯವರೆಲ್ಲ ಕೈಜೋಡಿಸುವುದು ವಾಡಿಕೆ. ಬೀದಿಯವರೇನೋ ಅಲ್ಲೇ ಇದ್ದರು. ಎಲ್ಲರೂ ಮಿಷಿನ್ನಿನ ಮುಂದೆ!

"ಬಂದೆ ಕಣೇ, ಇದೊಂದೇ ಆಟ" ಎಂದ ಲಿಂಗಯ್ಯ.

"ಒಸಿ ತಡಿಯಕ್ಕ, ಮುಂದಿನ ಪಾಳಿ ನಂದು" ಎಂದ ಪಕ್ಕದ ಮನೆಯ ಅನಂತರಾಜು.

ಸಿದ್ದಮ್ಮನಿಗೆ ಅಳುವೇ ಬಂತು. ಆದರೆ ಅಳುತ್ತಾ ಕೂರುವ ಹೆಂಗಸಲ್ಲ ಅವಳು. ಸೀದಾ ಬಂದು ಮಿಷಿನ್ನಿನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದಳು.

"ಇನ್ಮ್ಯಾಕೆ ಚಂದ್ರಿಕೆ ತುಂಬಿಸ್ದೋರಿಗೇ ಆಟ! ಯಾರ್ದು ಮೊದ್ಲು ತುಂಬ್ತದೋ ಅವ್ರ ಪಾಳಿ ಮೊದ್ಲು!"

ಬೀದಿಗೆ ಬೀದಿಯೇ ಹುಳದ ಮನೆಗೆ ನುಗ್ಗಿತು. ಮರಿಯಪ್ಪನವರೂ ಎಲೆ ಅಡಿಕೆ ಉಗಿದು, ಕೈ ತೊಳೆದು ಬಂದು, "ಲೇ, ಹಿಚುಕ್ಬೇಡ ಕಣ್ಲಾ!" ಎಂದು ಎಲ್ಲರನ್ನೂ ಗದರಿಸುತ್ತಾ ನಿಂತರು. ಲಿಂಗಯ್ಯ ಅವಸರದಲ್ಲಿ ಹಣ್ಣಾಗದ ಹುಳವನ್ನೂ ಬಾಚಿ ಬಾಚಿ ಚಂದ್ರಿಕೆಗೆ ಹಾಕಿದ. "ತೆಗೀಲಾ ಅದ್ನೆಲ್ಲ!" ಎಂದರು ಅಪ್ಪ. ಸಂಜೆಗೆ ಬೆಳೆ ಉಳಿಯಿತು. ಸಿದ್ದಮ್ಮ ಮಾತಿಗೆ ತಪ್ಪದೆ ಪ್ಲಗ್ ಚುಚ್ಚಿದಳು. ಎಲ್ಲರೂ ಕುಣಿಯುತ್ತಾ ಜಗಲಿಗೆ ಓಡಿದರೆ, ಮಿಷಿನ್ನಿನ ಯಜಮಾನ ಒಬ್ಬನೇ ಒಳಗೆ ಹುಳ ವಾಪಸ್ ಆರಿಸುತ್ತಾ ಕೂತಿದ್ದ.

ಇದ್ದಕ್ಕಿದ್ದಂತೆ ಜಗಲಿಯಿಂದ ಹೋ ಎಂಬ ಕೂಗು! ಲಿಂಗಯ್ಯ ಓಡಿ ಬಂದು ನೋಡಿದರೆ ಕೆಂಪು ಬಟ್ಟೆಯವನು ಅಂಗಾತ ಬಿದ್ದಿದ್ದಾನೆ!

"ಯಾರ್ಲಾ ಕೆಡವಿದ್ದು?"

"ನಮ್ ಸಿದ್ದಕ್ಕ!" ಎಂದ ಅನಂತರಾಜು.

"ಅಯ್ಯೋ, ನಾನೇನ್ ಮಾಡ್ದೆ?" ಎಂದಳು ಒರೆಸುವ ಬಟ್ಟೆ ಹಿಡಿದಿದ್ದ ಸಿದ್ದಮ್ಮ. "ಕೋಲು ಅಂಟಂಟು ಅಂದ ಇವ್ನು. ಎಲ್ರ ಕೈಲೂ ಹುಳದ ನೂಲಲ್ವಾ? ಎರಡ್ನೂ ಒಟ್ಗೆ ಒರೆಸ್ದೆ. ಅವ್ನೇ ಬಿದ್ದೋದ."

ಲಿಂಗಯ್ಯ ಎದೆ ಸೆಟೆಸಿ, "ನನ್ ಹೆಂಡ್ತಿ ಕೆಡವಿದ್ರೆ ನಾನೇ ಕೆಡವಿದಂಗಲ್ವೇನಪ್ಪಾ?" ಎಂದು ಅಪ್ಪನತ್ತ ತಿರುಗಿದ.

ಮರಿಯಪ್ಪನವರು ಹೊಸ ಎಲೆಗೆ ಸುಣ್ಣ ಹಚ್ಚಿದರು. "ಈಯಮ್ಮ ನನ್ ಸೊಸೆ. ಅದ್ರಲ್ಲಿ ಎರಡು ಮಾತಿಲ್ಲ" ಎಂದರು. ಆಮೇಲೆ ಲಿಂಗಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅನಂತರಾಜುವನ್ನು ಕೇಳಿದರು:

"ಇವ್ನ್ಯಾರ್ಲಾ? ಯಾರ ಮಗ?"